ಎಷ್ಟು ಕಿಲೋಮೀಟರ್ ಆದರೆ ಇಂಜಿನ್ ಹೋಗುತ್ತೆ ಅಂತ ಕೇಳುವವರಿಗೆ

ಚಳಿಗಾಲ ಹತ್ತಿರವಾದಂತೆ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ. ಗಾಡಿ ಬೇರೆ, ಮೀಟರಿನ ಅಂಕಿ ಬೇರೆ, ಕೇಳುವವರ ಆತಂಕ ಮಾತ್ರ ಅದೇ: ಈ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ) ಇಂಜಿನ್ ಇನ್ನೆಷ್ಟು ದಿನ ಬಾಳುತ್ತೆ, ಕೈ ಎಷ್ಟು ಕಚ್ಚುತ್ತೆ? ಈ ಸಲ ಜಾಗದ ಬಹುಪಾಲನ್ನು ಅದಕ್ಕೇ ಕೊಡುತ್ತೇನೆ. ಉಳಿದವರಿಗೆ ಒಂದೆರಡು ಸಾಲಿನ ಉತ್ತರ ಸಿಕ್ಕರೆ ಬೇಸರ ಬೇಡ. ಟೂ-ಸ್ಟ್ರೋಕ್ ಅಂದರೇನು, ಪಿಸ್ಟನ್ ಎಲ್ಲಿರುತ್ತೆ ಎಂಬ ಪ್ರಶ್ನೆಗಳನ್ನು ಬದಿಗಿಟ್ಟಿದ್ದೇನೆ. ಅವಕ್ಕೆ ಗಾಡಿಯ ಜೊತೆ ಬಂದ ಪುಸ್ತಕ ಇದೆ, ದಯವಿಟ್ಟು ತೆರೆದು ನೋಡಿ.

ಪ್ರಶ್ನೆ: ಯಾವ ಕಂಪನಿಯ ಇಂಜಿನ್ ಎಲ್ಲಕ್ಕಿಂತ ಗಟ್ಟಿ?

ಉತ್ತರ: ಎಲ್ಲರ ಬಳಿಯೂ ಒಳ್ಳೆಯ ಇಂಜಿನ್‌ಗಳಿವೆ, ಎಲ್ಲರ ಬಳಿಯೂ ಮರೆಯಬೇಕಾದ ವರ್ಷಗಳಿವೆ. ಹೊಸ ವಿನ್ಯಾಸದ ಇಂಜಿನ್ ಬಂದ ಮೊದಲ ವರ್ಷವೇ ಕೊಳ್ಳಬೇಡಿ, ಒಂದೆರಡು ಸೀಸನ್ ಬೇರೆಯವರು ಓಡಿಸಿ ನೋಡಲಿ.

ಪ್ರಶ್ನೆ: ಪೆಟ್ರೋಲ್ ಟ್ಯಾಂಕಿಗೆ ಹಾಕುವ, ಇಂಜಿನ್ ಆಯಸ್ಸು ಹೆಚ್ಚಿಸುವ ದ್ರವ ಕೆಲಸ ಮಾಡುತ್ತಾ?

ಉತ್ತರ: ಮಾಡುತ್ತೆ, ಮಾರುವವನಿಗೆ.

ಪ್ರಶ್ನೆ: ಬೋಟಿನ ಇಂಜಿನ್‌ಗೆ ತಂದ ಟಿಸಿ-ಡಬ್ಲ್ಯು3 ಆಯಿಲ್ ಉಳಿದಿದೆ. ಅದೂ ಟೂ-ಸ್ಟ್ರೋಕ್ ಆಯಿಲ್ ತಾನೇ, ಹಾಕಬಹುದಾ?

ಉತ್ತರ: ಬೇಡ. ಅದನ್ನು ತಯಾರಿಸಿದ್ದು ಕೆರೆ, ಸಮುದ್ರದ ನೀರನ್ನೇ ಎಳೆದುಕೊಂಡು ತಣ್ಣಗಿರುವ ಇಂಜಿನ್‌ಗೆ. ನಿಮ್ಮದು ನಿಮಿಷಕ್ಕೆ 8,000 ಸುತ್ತಿನ ಆಸುಪಾಸು ತಿರುಗುವ ಇಂಜಿನ್. ಉಳಿದ ಆಯಿಲನ್ನು ಬೋಟಿಗೇ ಇಡಿ.

ಪ್ರಶ್ನೆ: 850 ಸಿಸಿ ಟೂ-ಸ್ಟ್ರೋಕ್ ಗಾಡಿ ನೋಡಿದ್ದೇನೆ. 7,000 ಕಿಲೋಮೀಟರ್ ಓಡಿದೆ. ಒಬ್ಬ ಮೆಕ್ಯಾನಿಕ್ "ಇದು ಮುಗಿದ ಇಂಜಿನ್, ಮುಟ್ಟಬೇಡಿ" ಅಂತಾರೆ. ಇನ್ನೊಬ್ಬರು "ಇನ್ನೂ ಅಷ್ಟೇ ಓಡುತ್ತೆ, ಕಣ್ಣುಮುಚ್ಚಿ ತಗೊಳ್ಳಿ" ಅಂತಾರೆ. ಯಾರ ಮಾತು ಕೇಳಲಿ? ಇದರ ಬದಲು ಫೋರ್-ಸ್ಟ್ರೋಕ್ ತಗೊಂಡರೆ ನಿರ್ವಹಣೆ ಖರ್ಚು ಕಡಿಮೆಯಾಗುತ್ತಾ?

ಉತ್ತರ: ಇಬ್ಬರ ಮಾತನ್ನೂ ಕೇಳಬೇಡಿ. ಇಬ್ಬರೂ ಮೀಟರ್ ನೋಡಿ ಭವಿಷ್ಯ ಹೇಳಿದ್ದಾರೆ, ಇಂಜಿನ್ ತೆರೆದು ನೋಡಿದವರು ಯಾರೂ ಇಲ್ಲ. ನನಗೆ ರೇಗುವುದು ಇಲ್ಲೇ. ಸ್ನೋಮೊಬೈಲಿನ ಟೂ-ಸ್ಟ್ರೋಕ್ ಇಂಜಿನ್ ವಯಸ್ಸಾಗಿ ಸಾಯುವುದು ಕಡಿಮೆ, ಕೊಲೆಯಾಗುವುದೇ ಹೆಚ್ಚು. ಕೊಲೆ ನಡೆಯುವುದು ಹೆಚ್ಚಾಗಿ ಎರಡು ಹೊತ್ತಿನಲ್ಲಿ: ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕೆಲವು ನಿಮಿಷಗಳಲ್ಲಿ, ಮತ್ತೆ ಗಾಡಿ ಅಲುಗಾಡದೆ ನಿಂತಿರುವ ಬೇಸಿಗೆಯಲ್ಲಿ. ಇವೆರಡರಲ್ಲೂ ಮೀಟರ್ ಓಡುವುದೇ ಇಲ್ಲ ಅನ್ನಬಹುದು.

ಮೀಟರನ್ನೇ ನೋಡಬೇಕೆಂದಿದ್ದರೆ ಕಿಲೋಮೀಟರ್ ಜೊತೆ ಗಂಟೆಯನ್ನೂ ನೋಡಿ. ಈಚಿನ ಬಹುತೇಕ ಗಾಡಿಗಳಲ್ಲಿ ಇಂಜಿನ್ ಎಷ್ಟು ಗಂಟೆ ತಿರುಗಿದೆ ಎಂಬ ಲೆಕ್ಕ ಸಿಗುತ್ತದೆ. 7,000 ಕಿಲೋಮೀಟರಿಗೆ 175 ಗಂಟೆ ಆಗಿದ್ದರೆ ಸರಾಸರಿ ವೇಗ 40, ಅಂದರೆ ಟ್ರೇಲ್‌ನಲ್ಲಿ (ಸ್ನೋಮೊಬೈಲಿಗೆಂದೇ ಇರುವ ಹಿಮದ ದಾರಿಯಲ್ಲಿ) ಒಂದೇ ಹದದಲ್ಲಿ ಓಡಿದ ಗಾಡಿ ಎಂದು ಊಹಿಸಬಹುದು. ಅಷ್ಟೇ ದೂರಕ್ಕೆ 350 ಗಂಟೆಯಾಗಿದ್ದರೆ ಸರಾಸರಿ 20ಕ್ಕೆ ಇಳಿಯಿತು. ಒಂದೋ ನಿಂತಲ್ಲೇ ಗುರುಗುಟ್ಟುತ್ತ ಕಾಲ ಕಳೆದಿದೆ, ಇಲ್ಲವೇ ಭಾರ ಎಳೆದುಕೊಂಡು ತೆವಳಿದೆ. ಇನ್ನೊಂದು ವಿಷಯ, ಮೀಟರ್ ಎಣಿಸುವುದು ಟ್ರ್ಯಾಕ್, ಅಂದರೆ ಗಾಡಿಯನ್ನು ತಳ್ಳುವ ಅಡಿಯ ಅಗಲ ಪಟ್ಟಿ, ತಿರುಗಿದ್ದನ್ನು, ಗಾಡಿ ಮುಂದೆ ಹೋದದ್ದನ್ನಲ್ಲ. ಬೆಟ್ಟದ ಆಳವಾದ ಹಿಮದಲ್ಲಿ ಥ್ರಾಟಲ್ ಪೂರ್ತಿ ಒತ್ತಿ ಟ್ರ್ಯಾಕ್ ಗಿರಗಿರ ತಿರುಗಿಸಿದವರ ಗಾಡಿಯೂ ಕಿಲೋಮೀಟರ್ ತೋರಿಸುತ್ತದೆ. ಆ ಕಿಲೋಮೀಟರೇ ಬೇರೆ, ಸಮತಟ್ಟು ದಾರಿಯ ಕಿಲೋಮೀಟರೇ ಬೇರೆ.

ಈಗ ಮೊದಲ ಕೊಲೆ. ಹೊಸ ಇಂಜಿನ್‌ಗಳಿಗೆ ಬಿಸಿಯಾಗುವ ತನಕ ಕಾಯಬೇಕಿಲ್ಲ, ಎಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತೆ ಎಂಬ ಮಾತನ್ನು ಹಬ್ಬಿಸಿದವರು ಯಾರೋ, ಅವರಿಂದ ನನಗೆ ಕೆಲಸ ಸಿಗುತ್ತಿರುವುದಂತೂ ನಿಜ. ಪಿಸ್ಟನ್ ನೇರವಾಗಿ ಬೆಂಕಿಗೆ ಮುಖ ಕೊಟ್ಟಿರುತ್ತದೆ, ಕ್ಷಣದಲ್ಲಿ ಕಾಯುತ್ತದೆ. ಅದರ ಸುತ್ತಲಿನ ಸಿಲಿಂಡರ್ ಕೂಲೆಂಟಿನಿಂದ (ಇಂಜಿನ್ ತಣ್ಣಗಿಡುವ ದ್ರವ) ಆವರಿಸಿಕೊಂಡಿದ್ದು ನಿಧಾನಕ್ಕೆ ಕಾಯುತ್ತದೆ. ರೋಟಾಕ್ಸ್ ಕಂಪನಿಯ 850 ಸಿಸಿ ಇಂಜಿನ್‌ನ ಪಿಸ್ಟನ್ ಅಗಲ 82 ಮಿಲಿಮೀಟರ್. ಪಿಸ್ಟನ್ನಿಗೆ ಬಳಸುವ ಅಲ್ಯೂಮಿನಿಯಂ 100 ಡಿಗ್ರಿ ಬಿಸಿಯೇರಿದರೆ ಆ ಅಗಲಕ್ಕೆ ಹತ್ತಿರ ಹತ್ತಿರ 0.16 ಮಿಲಿಮೀಟರ್ ಹಿಗ್ಗುತ್ತದೆ. ಹಲವು ಇಂಜಿನ್‌ಗಳಲ್ಲಿ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಬಿಟ್ಟಿರುವ ಜಾಗವೇ ಅಷ್ಟಿಲ್ಲ. ಸಿಲಿಂಡರೂ ಜೊತೆಜೊತೆಗೆ ಹಿಗ್ಗಿದರೆ ಸರಿ. ಅದು ಹಿಂದೆ ಉಳಿದರೆ ಪಿಸ್ಟನ್ ಹೋಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಕೋಲ್ಡ್ ಸೀಜ್ ಅನ್ನುವುದು ಇದಕ್ಕೇ. ಪಿಸ್ಟನ್ ಹೊರಗೆ ತೆಗೆದರೆ ಸುತ್ತ ನಾಲ್ಕು ಕಡೆಯಲ್ಲೂ ಉದ್ದುದ್ದ ಗೀರು ಕಾಣುತ್ತವೆ. ಅದನ್ನು ನೋಡಿದ ಮೇಲೆ "ನಾನು ಬಿಸಿ ಮಾಡಿಯೇ ಹೊರಟಿದ್ದೆ" ಎಂದು ನನ್ನ ಹತ್ತಿರ ವಾದ ಮಾಡಬೇಡಿ.

ಇದರಲ್ಲಿ ಇನ್ನೊಂದು ಬಲೆ ಇದೆ. ಸ್ನೋಮೊಬೈಲಿಗೆ ಕಾರಿನಂತೆ ಮುಂದೆ ಫ್ಯಾನ್ ಇಟ್ಟ ರೇಡಿಯೇಟರ್ ಇರುವುದು ಅಪರೂಪ. ಕೂಲೆಂಟ್ ತಣ್ಣಗಾಗುವುದು ಟ್ರ್ಯಾಕಿನ ಮೇಲಿರುವ ಟನಲ್ ಎಂಬ ಹೊದಿಕೆಯ ಉದ್ದಕ್ಕೆ ಕೂರಿಸಿದ ಕೂಲರ್‌ಗಳಲ್ಲಿ, ಟ್ರ್ಯಾಕ್ ಎರಚುವ ಹಿಮದಿಂದ. ರಾತ್ರಿಯಿಡೀ ಹೊರಗೆ ನಿಂತ ಗಾಡಿಯಲ್ಲಿ ಆ ಕೂಲರ್‌ನೊಳಗಿನ ಕೂಲೆಂಟ್ ಹೊರಗಿನಷ್ಟೇ ತಣ್ಣಗೆ, ಮೈನಸ್ 25 ಅಂದರೆ ಮೈನಸ್ 25. ಇಂಜಿನ್ ಸ್ವಲ್ಪ ಬಿಸಿಯಾದದ್ದೇ ಥರ್ಮೋಸ್ಟಾಟ್ ತೆರೆದುಕೊಳ್ಳುತ್ತದೆ, ಆ ಕೊರೆಯುವ ಕೂಲೆಂಟ್ ಸಿಲಿಂಡರ್ ಸುತ್ತ ನುಗ್ಗುತ್ತದೆ. ಸಿಲಿಂಡರ್ ಕುಗ್ಗಿತು, ಪಿಸ್ಟನ್ ಹಿಗ್ಗಿದೆ. ಅದೇ ಹೊತ್ತಿಗೆ ನೀವು ಥ್ರಾಟಲ್ ಪೂರ್ತಿ ಒತ್ತಿದ್ದರೆ ಕಥೆ ಮುಗಿಯಿತು. ಹಾಗಾಗಿ ಎರಡು ಮೂರು ನಿಮಿಷ ನಿಲ್ಲಿಸಿಕೊಂಡೇ ಓಡಿಸಿ, ಆಮೇಲೆ ನಿಧಾನಕ್ಕೆ ಹೊರಡಿ. ಟನಲ್ ಕೂಲರ್ ಕೈಗೆ ಬೆಚ್ಚಗೆ ತಾಗುವ ತನಕ ಅವಸರ ಮಾಡಬೇಡಿ. ಅರ್ಧ ಗಂಟೆ ನಿಂತಲ್ಲೇ ಗುರುಗುಟ್ಟಿಸುವವರೂ ಇದ್ದಾರೆ, ಅದೂ ತಪ್ಪು. ಪ್ಲಗ್ ಮಸಿ ಹಿಡಿಯುತ್ತದೆ, ಹೊಗೆ ಹೊರಹೋಗುವ ಬಾಯನ್ನು ಹಿಗ್ಗಿಸಿ ಕುಗ್ಗಿಸುವ ಪವರ್ ವಾಲ್ವ್ ಅಂಟಂಟಾಗುತ್ತದೆ.

ಎರಡನೆಯ ಕೊಲೆ ಬೇಸಿಗೆಯದು. ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ತುಂಬಿಟ್ಟ ಸಂಪ್ ಇಲ್ಲ. ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ತಿರುಗುವಿಕೆಯಾಗಿ ಬದಲಿಸುವ ಕ್ರ್ಯಾಂಕ್‌ನ ಬೇರಿಂಗ್‌ಗಳಿಗೆ ಸಿಗುವುದು ಗಾಳಿಯ ಜೊತೆ ಸುಳಿದುಹೋಗುವ ಆಯಿಲಿನ ತೆಳು ಪದರ ಮಾತ್ರ. ಗಾಡಿ ತಿಂಗಳುಗಟ್ಟಲೆ ನಿಂತರೆ ಆ ಪದರ ಜಾರಿಹೋಗುತ್ತದೆ, ಹಗಲು ರಾತ್ರಿಯ ಬಿಸಿಲು ತಂಪಿಗೆ ಒಳಗೆ ತೇವ ಕಟ್ಟುತ್ತದೆ, ಬೇರಿಂಗ್ ಮೇಲೆ ಸೂಜಿಮೊನೆಯಷ್ಟು ತುಕ್ಕು ಕೂರುತ್ತದೆ. ಚಳಿಗಾಲ ಬಂತು, ಗಾಡಿ ಸ್ಟಾರ್ಟ್ ಆಯಿತು, ಎಲ್ಲ ಚೆನ್ನಾಗಿದೆ. ಮಧ್ಯ ಸೀಸನ್ನಿಗೆ ಬೇರಿಂಗ್ ಪುಡಿಯಾಗುತ್ತದೆ, ಪುಡಿ ಮೇಲಕ್ಕೆ ಎಗರಿ ಪಿಸ್ಟನ್ನನ್ನೂ ಸಿಲಿಂಡರನ್ನೂ ಕೆರೆಯುತ್ತದೆ. ಆಗ ಮಾಲೀಕರು ಬೈಯುವುದು ಕಂಪನಿಯನ್ನು. ಹೋದ ವಸಂತದಲ್ಲಿ ಒಂದು ಡಬ್ಬಿ ಫಾಗಿಂಗ್ ಆಯಿಲ್ (ಇಂಜಿನ್ ಒಳಗೆ ತುಕ್ಕು ತಡೆಯಲು ಸಿಂಪಡಿಸುವ ಆಯಿಲ್) ಹೊಡೆದು ಮುಚ್ಚಿಟ್ಟಿದ್ದರೆ ಮುಗಿಯುತ್ತಿದ್ದ ಕೆಲಸ ಅದು. ರೋಟಾಕ್ಸ್‌ನ ಇ-ಟೆಕ್ ಇಂಜಿನ್‌ಗಳಲ್ಲಿ ಡಬ್ಬಿಯೂ ಬೇಕಿಲ್ಲ, ಗುಂಡಿ ಒತ್ತಿದರೆ ತಾನೇ ಒಳಗೆಲ್ಲ ಆಯಿಲ್ ಬಳಿದುಕೊಂಡು ನಿಲ್ಲುತ್ತದೆ. ಅಷ್ಟಿದ್ದೂ ಆ ಗುಂಡಿ ಒತ್ತದವರು ಎಷ್ಟು ಜನ!

ನೀವು ನೋಡಿದ ಗಾಡಿಯ ಮಾಲೀಕರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಹಾಗಾಗಿ ಕಿಲೋಮೀಟರಿನದ್ದಲ್ಲ. ಬೇಸಿಗೆಗೆ ಗಾಡಿಯನ್ನು ಹೇಗೆ ಎತ್ತಿಟ್ಟಿರಿ ಅಂತ ಕೇಳಿ. ತಡವರಿಸದೆ ಉತ್ತರ ಬಂದರೆ ಅರ್ಧ ಗೆದ್ದಿರಿ. "ಹಾಗೇ ಶೆಡ್‌ನಲ್ಲಿಟ್ಟಿದ್ದೆ" ಅಂದರೆ 2,000 ಕಿಲೋಮೀಟರ್ ಓಡಿದ ಗಾಡಿಯಾದರೂ ನಾನು ಹಿಂದೆ ಸರಿಯುತ್ತೇನೆ.

ಮೂರನೆಯದು ಲೀನ್ ಓಟ, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಟೂ-ಸ್ಟ್ರೋಕ್‌ಗೆ ಇದು ಎರಡು ಪಟ್ಟು ಅಪಾಯ, ಏಕೆಂದರೆ ಪಿಸ್ಟನ್ನಿನ ತಲೆಯನ್ನು ತಂಪಾಗಿಡುವುದರಲ್ಲಿ ಪೆಟ್ರೋಲಿನ ಪಾಲೂ ಇದೆ. ಕ್ರ್ಯಾಂಕ್ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟರೆ, ಇನ್‌ಟೇಕ್‌ನ ರಬ್ಬರ್ ಸೀಳಿದರೆ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಸೇರುತ್ತದೆ. ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಹವಾಮಾನವೂ ಸೇರಿಕೊಳ್ಳುತ್ತದೆ. ಮೈನಸ್ 30ರ ಗಾಳಿ ಸೊನ್ನೆ ಡಿಗ್ರಿಯ ಗಾಳಿಗಿಂತ ಸುಮಾರು ಶೇ. 12ರಷ್ಟು ದಟ್ಟ. ಸೊನ್ನೆಗೆ ಹೊಂದಿಸಿದ ಜೆಟ್ (ಪೆಟ್ರೋಲ್ ಅಳತೆ ಮಾಡಿ ಬಿಡುವ ಸಣ್ಣ ತೂತು) ಇಟ್ಟುಕೊಂಡು ಮೈನಸ್ 30ರಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಥ್ರಾಟಲ್ ಒತ್ತಿ ಹಿಡಿದರೆ ಎಕ್ಸಾಸ್ಟ್ ಕಡೆಯ ಪಿಸ್ಟನ್ ಅಂಚು ಕರಗುವುದು ಹೊಸ ಸಂಗತಿಯಲ್ಲ. ಇಂಜೆಕ್ಷನ್ ಗಾಡಿಗಳು ಸೆನ್ಸರ್ ನೋಡಿ ತಾವೇ ಸರಿಪಡಿಸಿಕೊಳ್ಳುತ್ತವೆ, ಆದರೆ ಸೀಲ್ ಸೋರಿಕೆಯನ್ನು ಅವೂ ಸರಿಪಡಿಸಲಾರವು. "ಮೈಲೇಜ್ ಜಾಸ್ತಿ ಬರೋ ಹಾಗೆ ಟ್ಯೂನ್ ಮಾಡಿಕೊಡ್ತೀನಿ" ಅನ್ನುವ ಮಹಾನುಭಾವರು ಮಾಡುವುದೂ ಇದನ್ನೇ, ಪೆಟ್ರೋಲ್ ಕಡಿಮೆ ಮಾಡುತ್ತಾರೆ. ಉಳಿದ ಪೆಟ್ರೋಲಿನ ಬೆಲೆಯನ್ನು ಪಿಸ್ಟನ್ ತೀರಿಸುತ್ತದೆ.

ಇಂಜಿನ್ ನೋಡುವುದು ಹೇಗೆ? ಹೋಗುವ ಮೊದಲೇ ಫೋನ್ ಮಾಡಿ, ಸ್ಟಾರ್ಟ್ ಮಾಡದೆ ಇಟ್ಟಿರಿ ಅನ್ನಿ. ನೀವು ಹೋಗುವಷ್ಟರಲ್ಲಿ ಇಂಜಿನ್ ಬಿಸಿಯಾಗಿದ್ದರೆ ಕಾರಣ ಕೇಳಿ. ತಣ್ಣಗಿರುವಾಗ ಹೇಗೆ ಸ್ಟಾರ್ಟ್ ಆಗುತ್ತದೆ ಎಂಬುದೇ ಅರ್ಧ ಪರೀಕ್ಷೆ. ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಪಿಸ್ಟನ್ ಒತ್ತಿದ ಗಾಳಿಯ ಒತ್ತಡ. ಎರಡೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ಒತ್ತಿ ಹಿಡಿದು ಅಳೆಯಬೇಕು. ಥ್ರಾಟಲ್ ಒತ್ತದೆ ಅಳೆದು "ಇಂಜಿನ್ ಸತ್ತಿದೆ" ಅಂದವರನ್ನೂ ನಾನು ನೋಡಿದ್ದೇನೆ. ಅಂಕಿ ಎಷ್ಟಿರಬೇಕು ಎಂಬುದು ಇಂಜಿನ್‌ನಿಂದ ಇಂಜಿನ್‌ಗೆ ಬೇರೆ. ಎರಡು ಸಿಲಿಂಡರ್ ನಡುವಿನ ವ್ಯತ್ಯಾಸ ಶೇ. 10 ದಾಟಿದರೆ ಮಾತು ಅಲ್ಲಿಗೇ ನಿಲ್ಲಿಸಿ. ವ್ಯತ್ಯಾಸ ಇಲ್ಲ ಎಂದಮಾತ್ರಕ್ಕೆ ಕುಣಿಯಬೇಡಿ, ರಿಂಗ್ ಚೆನ್ನಾಗಿದ್ದು ಪಿಸ್ಟನ್ ಸ್ಕರ್ಟ್ (ರಿಂಗ್‌ಗಳ ಕೆಳಗಿನ ಗೋಡೆ) ಸೀಳಿರುವ ಇಂಜಿನ್ ಕೂಡ ಒಳ್ಳೆಯ ಕಂಪ್ರೆಷನ್ ತೋರಿಸುತ್ತದೆ. ಎಕ್ಸಾಸ್ಟ್ ಪೈಪ್ ಬಿಚ್ಚಿ ಟಾರ್ಚ್ ಹಾಕಿ ಪಿಸ್ಟನ್ ಮೈ ನೋಡಬೇಕು, ಇಲ್ಲವೇ ಪ್ಲಗ್ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಬೇಕು. ಉದ್ದನೆಯ ಗೀರು ಕಂಡರೆ ಬೆಲೆ ಮಾತಾಡುವುದಾದರೂ ಬೇರೆ ಲೆಕ್ಕದಲ್ಲಿ ಮಾತಾಡಿ. ಕೈಲಾದರೆ ಇಂಜಿನ್‌ನ ಬಾಯಿಗಳನ್ನೆಲ್ಲ ಮುಚ್ಚಿ ಸ್ವಲ್ಪ ಗಾಳಿ ತುಂಬಿ, ಒತ್ತಡ ಇಳಿಯುತ್ತದೆಯೇ ಎಂದು ಪರೀಕ್ಷಿಸಲು ಹೇಳಿ. ಸೀಲ್‌ಗಳ ನಿಜವಾದ ಸ್ಥಿತಿ ತಿಳಿಯುವುದು ಅದರಿಂದ. ಇಷ್ಟು ಮಾಡಲು ಬಿಡದ ಮಾರಾಟಗಾರರಿಗೆ ನಮಸ್ಕಾರ ಹೇಳಿ ಬನ್ನಿ.

ಖರ್ಚಿನ ವಿಷಯ. ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಬದಲಿಸುವುದನ್ನು ಜನ ಮಹಾ ಅನಾಹುತ ಎಂದುಕೊಂಡಿದ್ದಾರೆ. ಟೂ-ಸ್ಟ್ರೋಕ್‌ನಲ್ಲಿ ಪಿಸ್ಟನ್ ಸವೆಯುವ ವಸ್ತು, ಕ್ಲಚ್‌ಗಳ ನಡುವೆ ಓಡುವ ಬೆಲ್ಟ್ ಇದ್ದ ಹಾಗೆ, ಬೆಲ್ಟ್‌ಗಿಂತ ನಿಧಾನ ಅಷ್ಟೆ. ಅದು ಒಡೆಯುವ ಮೊದಲು ನೀವಾಗಿ ಬದಲಿಸಿದರೆ ಕೆಲಸ ಮೇಲ್ಭಾಗಕ್ಕೆ ಮುಗಿಯುತ್ತದೆ. ಒಡೆಯಲಿ ಎಂದು ಕಾದರೆ ಚೂರುಗಳು ಕೆಳಗೆ ಬಿದ್ದು ಕ್ರ್ಯಾಂಕ್ ಹೋಗುತ್ತದೆ, ಸಿಲಿಂಡರ್ ಹೋಗುತ್ತದೆ, ಕೆಲವೊಮ್ಮೆ ಕೇಸ್ ಕೂಡ. ಹಳೆಯ ಗಾಡಿಯಾದರೆ ಆಗ ಮೂಗಿಗಿಂತ ಮೂಗುತಿ ಭಾರ. ಆದ್ದರಿಂದ ಬಳಸಿದ ಟೂ-ಸ್ಟ್ರೋಕ್ ಕೊಳ್ಳುವಾಗ ಒಂದು ಸಲ ಮೇಲ್ಭಾಗ ಮಾಡಿಸುವ ಖರ್ಚನ್ನು ಮೊದಲೇ ಬೆಲೆಗೆ ಸೇರಿಸಿಕೊಂಡು ಚೌಕಾಸಿ ಮಾಡಿ. ಅಷ್ಟು ಸೇರಿಸಿದರೆ ಕೈಗೆ ಎಟುಕದು ಎಂದಾದರೆ ಆ ಗಾಡಿ ನಿಮ್ಮ ಕೈಗೆ ಎಟುಕುವುದಲ್ಲ.

ಇಲ್ಲಿ ಹುಷಾರಾಗಿರಬೇಕಾದ ಒಂದು ಮಾತಿದೆ: "ಸಿಲಿಂಡರ್ ಗೀರಾಗಿದೆ, ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕೋಣ." ಹಳೆಯ ಎರಕದ ಕಬ್ಬಿಣದ ತೋಳಿರುವ ಸಿಲಿಂಡರಿಗೆ ಇದು ಸರಿ. ಈಗಿನ ಸಿಲಿಂಡರುಗಳ ಒಳಮೈಗೆ ನಿಕಾಸಿಲ್ ಎಂಬ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಲೇಪನ ಇರುತ್ತದೆ, ತೆಳ್ಳಗೆ, ವಜ್ರದಂಥ ಗಡಸು. ಅದನ್ನು ಕೊರೆದು ದೊಡ್ಡದು ಮಾಡಿದರೆ ಲೇಪನವೇ ಹೋಗಿ ಬರಿ ಅಲ್ಯೂಮಿನಿಯಂ ಉಳಿಯುತ್ತದೆ, ಮತ್ತೆ ಲೇಪನ ಮಾಡಿಸದೆ ಅದು ಓಡದು. ಇದು ಗೊತ್ತಿಲ್ಲದವರ ಕೈಗೆ ಇಂಜಿನ್ ಕೊಡಬೇಡಿ. ಇದಕ್ಕೆ ಉಲ್ಟಾ ಮೋಸವೂ ಇದೆ. ಗೀರಿನಂತೆ ಕಾಣುವುದು ಎಷ್ಟೋ ಸಲ ಪಿಸ್ಟನ್ನಿನ ಅಲ್ಯೂಮಿನಿಯಂ ಗೋಡೆಗೆ ಅಂಟಿಕೊಂಡದ್ದು, ಲೇಪನ ಕೆಳಗೆ ಹಾಗೇ ಇರುತ್ತದೆ. ತಿಳಿದವರು ಆಸಿಡ್‌ನಿಂದ ಎಚ್ಚರಿಕೆಯಿಂದ ತೊಳೆದು ಸಿಲಿಂಡರ್ ಉಳಿಸಿಕೊಡುತ್ತಾರೆ. ನೋಡದೆಯೇ "ಹೊಸ ಸಿಲಿಂಡರ್ ಬೇಕು" ಅಂದವರಿಗೆ, ತೊಳೆದು ತೋರಿಸಿ ಅನ್ನಿ.

ಇನ್ನು ಫೋರ್-ಸ್ಟ್ರೋಕ್. 2003ರ ಮಾದರಿಯಾಗಿ ಯಮಹಾ ತನ್ನ ಫೋರ್-ಸ್ಟ್ರೋಕ್ ಗಾಡಿ ಆರ್‌ಎಕ್ಸ್-1 ತಂದಾಗಿನಿಂದ ಈ ವಾದ ನಡೆಯುತ್ತಲೇ ಇದೆ. ಹೌದು, ಇಂಜಿನ್ ಹೆಚ್ಚು ಬಾಳುತ್ತದೆ, ಆಯಿಲ್ ಸುಡುವುದಿಲ್ಲ, ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ಟ್ರೇಲ್‌ನಲ್ಲಿ ದೂರ ಹೋಗುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ತೂಕ ಮಾತ್ರ ಹೆಚ್ಚು, ಆಳ ಹಿಮದಲ್ಲಿ ಹೂತುಕೊಂಡಾಗ ಎತ್ತುವುದು ನಿಮ್ಮ ಸೊಂಟ. ಆದರೆ "ಖರ್ಚೇ ಇಲ್ಲ" ಅನ್ನುವುದು ಸುಳ್ಳು. ಖರ್ಚು ಅಪರೂಪಕ್ಕೆ ಬರುತ್ತದೆ, ಬಂದಾಗ ದೊಡ್ಡದಾಗಿ ಬರುತ್ತದೆ. ಕವಾಟ, ಕ್ಯಾಮ್, ಚೈನ್, ಟರ್ಬೋ ಇದ್ದರೆ ಅದೂ. ಜೊತೆಗೆ ಚಳಿಯಲ್ಲಿ ಹತ್ತು ನಿಮಿಷ ಓಡಿಸಿ ನಿಲ್ಲಿಸುವ ಚಾಳಿ ಇರುವವರಿಗೆ ಫೋರ್-ಸ್ಟ್ರೋಕ್ ಬೇರೆ ರೀತಿಯಲ್ಲಿ ಕೈಕೊಡುತ್ತದೆ. ಇಂಜಿನ್ ಪೂರ್ತಿ ಬಿಸಿಯಾಗದೆ ಸುಡದ ಪೆಟ್ರೋಲ್ ರಿಂಗ್ ದಾಟಿ ಆಯಿಲಿಗೆ ಇಳಿಯುತ್ತದೆ, ತೇವವೂ ಸೇರುತ್ತದೆ. ಡಿಪ್‌ಸ್ಟಿಕ್ ತೆಗೆದರೆ ಆಯಿಲ್ ಮಟ್ಟ ಏರಿದೆ! "ನಮ್ಮ ಇಂಜಿನ್ ಆಯಿಲ್ ಕುಡಿಯೋದೇ ಇಲ್ಲ, ಜಾಸ್ತಿನೇ ಆಗಿದೆ" ಎಂದು ಖುಷಿಪಟ್ಟವರಿದ್ದಾರೆ. ಮೂಗಿಗೆ ಹಿಡಿದು ನೋಡಿ, ಪೆಟ್ರೋಲ್ ವಾಸನೆ ಹೊಡೆದರೆ ಅದು ಆಯಿಲ್ ಆಗಿ ಉಳಿದಿಲ್ಲ, ಅವತ್ತೇ ಬದಲಿಸಿ.

ಯಮಹಾ ಸ್ನೋಮೊಬೈಲ್ ತಯಾರಿಕೆ ನಿಲ್ಲಿಸುವುದಾಗಿ 2023ರಲ್ಲಿ ಪ್ರಕಟಿಸಿದ್ದರಿಂದ ಹಳೆಯ ಯಮಹಾಗಳು ಸಸ್ತಾ ಸಿಗುತ್ತವೆ, ತಗೊಳ್ಳಬಹುದಾ ಎಂದೂ ಕೆಲವರು ಕೇಳಿದ್ದಾರೆ. ಇಂಜಿನ್ ಬಗ್ಗೆ ನನಗೆ ಭಯವಿಲ್ಲ. ನಾನಾದರೆ ಬಿಡಿಭಾಗ ತರಿಸಿಕೊಡುವ ಅಂಗಡಿ ಹತ್ತಿರದಲ್ಲಿ ಇದೆಯೇ ನೋಡಿಕೊಂಡು ಕೊಳ್ಳುತ್ತೇನೆ.

ನಿಮ್ಮ 7,000ದ ಗಾಡಿಗೆ ನನ್ನ ತೀರ್ಪು: ಪರೀಕ್ಷೆ ಪಾಸಾದರೆ, ಬೇಸಿಗೆಯ ಕಥೆ ಸರಿಯಿದ್ದರೆ, ಮೇಲ್ಭಾಗದ ಖರ್ಚು ಕಳೆದು ಬೆಲೆ ಕುದುರಿದರೆ ತಗೊಳ್ಳಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಬೇಡ. ನಾನು ಸ್ವಲ್ಪ ಪುಕ್ಕಲ ಅಂತ ನನ್ನ ಜೊತೆ ಕೆಲಸ ಮಾಡುವವರು ಹೇಳುತ್ತಾರೆ. ಇರಲಿ. ಕಾರು ಕೆಟ್ಟರೆ ರಸ್ತೆ ಬದಿಯಲ್ಲಿ ನಿಲ್ಲುತ್ತದೆ. ಇದು ಕೆಡುವುದು ರಸ್ತೆಯೇ ಇಲ್ಲದ ಕಡೆ, ಮೈನಸ್ 30ರಲ್ಲಿ, ಕತ್ತಲಾಗುವ ಹೊತ್ತಿಗೆ. ಎಷ್ಟೇ ನಂಬಿಕೆಯ ಇಂಜಿನ್ ಆದರೂ ಒಬ್ಬರೇ ದೂರ ಹೋಗಬೇಡಿ.

ಪ್ರಶ್ನೆ: ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿದರೆ ಇಂಜಿನ್ ಚೆನ್ನಾಗಿರುತ್ತೆ ಅಂತಾರೆ, ನಿಜವಾ?

ಉತ್ತರ: ಸುಳ್ಳು, ಅದೂ ದುಬಾರಿ ಸುಳ್ಳು. ಐದು ನಿಮಿಷದಲ್ಲಿ ಇಂಜಿನ್ ಒಣಗುವಷ್ಟು ಬಿಸಿಯಾಗುವುದಿಲ್ಲ. ಪೆಟ್ರೋಲ್ ಉರಿದಾಗ ನೀರಿನಾವಿ ಹುಟ್ಟುತ್ತದೆ, ಅದು ಎಕ್ಸಾಸ್ಟ್‌ನಲ್ಲಿ, ಫೋರ್-ಸ್ಟ್ರೋಕ್ ಆದರೆ ಆಯಿಲಿನಲ್ಲೂ, ಹನಿಯಾಗಿ ಕೂರುತ್ತದೆ. ವಸಂತದಲ್ಲಿ ಬಳಿದ ಫಾಗಿಂಗ್ ಆಯಿಲನ್ನೂ ತೊಳೆದುಬಿಡುತ್ತೀರಿ. ಸಾಲದ್ದಕ್ಕೆ ಹಿಮವಿಲ್ಲದೆ ಕೂಲರ್‌ಗೆ ತಂಪಿಲ್ಲ. ಒಮ್ಮೆ ಎತ್ತಿಟ್ಟ ಮೇಲೆ ಮುಟ್ಟಬೇಡಿ. ಎತ್ತಿಡುವ ಮುಂಚೆ ಪೆಟ್ರೋಲಿಗೆ ಅದು ಕೆಡದಂತೆ ತಡೆಯುವ ಸ್ಟೆಬಿಲೈಸರ್ ಹಾಕಿ, ಅದು ಇಂಜೆಕ್ಟರ್ ತನಕ ತಲುಪುವಷ್ಟು ಓಡಿಸಿ. ಎಥನಾಲ್ ಬೆರೆತ ಪೆಟ್ರೋಲ್ ತೇವ ಎಳೆದುಕೊಳ್ಳುತ್ತದೆ, ನೀರು ಮಿತಿ ಮೀರಿದರೆ ಎಥನಾಲನ್ನೂ ಕರೆದುಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಪಂಪ್ ಮೊದಲು ಹೀರುವುದು ಆ ತಳದ್ದನ್ನೇ. ಗಾಳಿ ಪೆಟ್ಟಿಗೆಯ ಬಾಯಿಯನ್ನೂ ಎಕ್ಸಾಸ್ಟ್ ಬಾಯಿಯನ್ನೂ ಮುಚ್ಚಿ, ಇಲಿಗಳಿಗೆ ಆ ಜಾಗ ಬಲು ಇಷ್ಟ. ಸೀಸನ್ ಶುರುವಾದಾಗ ಮುಚ್ಚಳ ತೆಗೆಯಲು ನೆನಪಿಡಿ.

ಪ್ರಶ್ನೆ: ಇಂಜಿನ್‌ಗೆ ತಾನೇ ಆಯಿಲ್ ಕಳಿಸುವ ಆಯಿಲ್ ಇಂಜೆಕ್ಷನ್ ಪಂಪ್ ಇದ್ದರೂ ಭದ್ರತೆಗೆ ಟ್ಯಾಂಕಿಗೂ ಒಂದಿಷ್ಟು ಆಯಿಲ್ ಬೆರೆಸಬಹುದಾ?

ಉತ್ತರ: ಹೊಸ ಇಂಜಿನ್‌ನ ಮೊದಲ ಟ್ಯಾಂಕಿಗೆ ಹಾಕಿ ಎಂದು ಪುಸ್ತಕದಲ್ಲಿದ್ದರೆ ಹಾಕಿ. ಆಮೇಲೆ ಬೇಡ. ಕಾರ್ಬ್ಯುರೇಟರ್ ಜೆಟ್‌ನಲ್ಲಿ ಆಯಿಲ್ ಹೋದಷ್ಟೂ ಪೆಟ್ರೋಲ್ ಕಡಿಮೆಯಾಗುತ್ತದೆ, ಭದ್ರತೆಗೆ ಹಾಕಿದ್ದೇ ಇಂಜಿನ್ನನ್ನು ಲೀನ್ ಮಾಡುತ್ತದೆ. ಪಂಪ್ ಮೇಲೆ ಅನುಮಾನವಿದ್ದರೆ ಪಂಪ್ ಪರೀಕ್ಷಿಸಿ, ಕೇಬಲ್ ಇರುವ ಪಂಪ್ ಆದರೆ ಗುರುತು ಸರಿಯಾಗಿ ಕೂತಿದೆಯೇ ನೋಡಿ.

ಪ್ರಶ್ನೆ: ಒಂದೇ ಸೀಸನ್ನಿನಲ್ಲಿ ಮೂರು ಬೆಲ್ಟ್ ಹರಿದವು. ಇನ್ನೂ ದುಬಾರಿ ಬೆಲ್ಟ್ ಕೊಳ್ಳಲಾ?

ಉತ್ತರ: ನಾಲ್ಕನೆಯದೂ ಹರಿಯುತ್ತದೆ. ಬೆಲ್ಟ್ ತಪ್ಪಿಲ್ಲ. ಎರಡು ಕ್ಲಚ್‌ಗಳ ನಡುವಿನ ಅಂತರ, ನೇರ, ಸೊಟ್ಟ ಅಳೆಸಿ. ಇಂಜಿನ್ ಮೌಂಟ್‌ನ ರಬ್ಬರ್ ಕುಸಿದಿದ್ದರೆ ಥ್ರಾಟಲ್ ಒತ್ತಿದಾಗಲೆಲ್ಲ ಇಂಜಿನ್ ಓರೆಯಾಗಿ ಬೆಲ್ಟ್ ಸೊಟ್ಟಗೆ ಓಡುತ್ತದೆ, ನಿಂತಾಗ ಅಳೆದರೆ ಗೊತ್ತೇ ಆಗುವುದಿಲ್ಲ. ಕ್ಲಚ್‌ನ ಮೈಯನ್ನು ಸಾಬೂನು ನೀರಲ್ಲಿ ಒರೆಸಿ ಒಣಗಿಸಿ, ಹೊಸ ಬೆಲ್ಟನ್ನೂ ಹಾಗೇ ತೊಳೆದು ಹಾಕಿ, ಮೊದಲ 50 ಕಿಲೋಮೀಟರ್ ಮೆಲ್ಲಗೆ ಓಡಿಸಿ. ಹರಿದ ಬೆಲ್ಟಿನ ನೂಲು ಪ್ರೈಮರಿ ಕ್ಲಚ್‌ನ (ಇಂಜಿನ್ ಕಡೆಯದು) ಹಿಂದೆ, ಕ್ರ್ಯಾಂಕ್ ಸೀಲ್ ಹತ್ತಿರ ಸುತ್ತಿಕೊಂಡಿರುತ್ತದೆ. ಟಾರ್ಚ್ ಹಿಡಿದು ಒಂದೊಂದು ಎಳೆಯನ್ನೂ ಕಿತ್ತು ತೆಗೆಯಿರಿ.